ಗ್ಯಾಸಿನ ಮಾತು ಕೊನೆಗೆ

ಯಾದಗಿರಿ, ಶಹಾಪುರ, ಸುರಪುರದ ಕಡೆ ಎಸಿ, ಕೂಲರ್ ರಿಪೇರಿ ಮಾಡುವವನಿಗೆ ಮಾರ್ಚ್‌ನಿಂದ ಜೂನ್ ತನಕ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಬಿಸಿಲು 42 ದಾಟಿದ ದಿನ ಎಲ್ಲರ ಎಸಿಯೂ ಒಟ್ಟಿಗೇ ಕೆಡುತ್ತದೆ. ಈ ಕೆಲಸ ಕಲಿಸಿದ ಕೆಲವು ಪಾಠಗಳು ಇಲ್ಲಿವೆ.

1. ಗ್ಯಾಸ್ ಖರ್ಚಾಗುವ ವಸ್ತುವಲ್ಲ

"ಎಸಿ ತಣ್ಣಗ ಆಗವಲ್ದು, ಗ್ಯಾಸ್ ಹೋಗ್ಯಾದ, ಬಂದು ತುಂಬಿ ಹೋಗ್ರಿ ಅಣ್ಣಾ." ಬಹುಪಾಲು ಫೋನು ಹೀಗೇ ಶುರುವಾಗುತ್ತದೆ. ಗ್ಯಾಸ್ ಅಂದರೆ ಬೈಕಿನ ಪೆಟ್ರೋಲಿನಂತೆ ಓಡಿದಷ್ಟೂ ತೀರುತ್ತದೆ ಅನ್ನುವ ನಂಬಿಕೆ ಜನರಲ್ಲಿ ಗಟ್ಟಿಯಾಗಿದೆ. ಅದು ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಅಂತಲೇ ಅರ್ಥ.

ನಾನು ಮೊದಲು ಗೇಜ್ ಹಚ್ಚುವುದಿಲ್ಲ. ಎಸಿಯನ್ನು ಹದಿನೈದು ನಿಮಿಷ ಓಡಲು ಬಿಟ್ಟು, ಒಳಗಿನ ಯೂನಿಟ್ ಮೇಲಿನಿಂದ ಎಳೆದುಕೊಳ್ಳುವ ಗಾಳಿಯನ್ನೂ ಕೆಳಗೆ ಬಿಡುವ ಗಾಳಿಯನ್ನೂ ಥರ್ಮಾಮೀಟರ್ ಹಿಡಿದು ನೋಡುತ್ತೇನೆ. ಗಾಳಿಯ ರಭಸ ಚೆನ್ನಾಗಿದ್ದು ಹತ್ತು ಡಿಗ್ರಿ ಆಸುಪಾಸು ವ್ಯತ್ಯಾಸ ಇದ್ದರೆ ಮಷಿನ್ ತನ್ನ ಕೆಲಸ ಮಾಡುತ್ತಿದೆ. ಕೋಣೆ ತಣ್ಣಗಾಗದ ಕಾರಣ ಬೇರೆ ಕಡೆ ಇದೆ. ವ್ಯತ್ಯಾಸ ಕಡಿಮೆಯಿದ್ದರೆ ಫಿಲ್ಟರ್, ಒಳಗಿನ ಕಾಯಿಲ್, ಹೊರಗಿನ ಕಾಯಿಲ್, ವೋಲ್ಟೇಜ್, ಕೆಪಾಸಿಟರ್, ಇಷ್ಟೂ ನೋಡಿದ ಮೇಲೆ ಗ್ಯಾಸಿನ ಸರದಿ.

ಸೋರಿಕೆ ಹೆಚ್ಚಾಗಿ ಹೊರಗಿನ ಯೂನಿಟ್‌ಗೆ ತಾಮ್ರದ ಪೈಪ್ ಸೇರುವ ನಟ್‌ನಲ್ಲಿರುತ್ತದೆ. ಅಲ್ಲಿ ಎಣ್ಣೆ ಜಿನುಗಿ ಧೂಳು ಅಂಟಿದ್ದರೆ ಸೋಪಿನ ನೊರೆ ಹಚ್ಚಿ ನೋಡಬೇಕು, ಗುಳ್ಳೆ ಏಳುತ್ತದೆ. ಜಾಗ ಹುಡುಕದೆ ಬರೀ ಗ್ಯಾಸ್ ತುಂಬಿ ಹೋದ ಮೆಕ್ಯಾನಿಕ್ ಮುಂದಿನ ಬೇಸಿಗೆಯ ದುಡಿಮೆಯನ್ನು ಈಗಲೇ ಗಟ್ಟಿ ಮಾಡಿಕೊಂಡಿರುತ್ತಾನೆ.

2. ಯಾವ ಗ್ಯಾಸ್ ಅನ್ನುವುದು ಹೊರಗಿನ ಯೂನಿಟ್ ಮೇಲೇ ಬರೆದಿದೆ

ಹಳೆಯ ಎಸಿಗಳಲ್ಲಿ ಆರ್-22. ಅದು ಓಜೋನ್ ಪದರಕ್ಕೆ ಕೇಡು. ಹಾಗಾಗಿ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರೊಳಗೆ ನಮ್ಮ ದೇಶದಲ್ಲೂ ಅದನ್ನು ಬಹುತೇಕ ನಿಲ್ಲಿಸಬೇಕಿದೆ. ಹೊಸದರಲ್ಲಿ ಹೆಚ್ಚಾಗಿ ಆರ್-32. ಇದರ ಒತ್ತಡ ಜಾಸ್ತಿ, ಬೆಂಕಿ ತಗುಲಿದರೆ ಉರಿಯುವ ಗುಣವೂ ಇದೆ. ಎಷ್ಟು ಗ್ರಾಂ ತುಂಬಬೇಕೆಂದು ಪ್ಲೇಟ್ ಮೇಲೆ ಇರುತ್ತದೆ. ಪೈಪಿನೊಳಗಿನ ಗಾಳಿ, ತೇವ ಎರಡನ್ನೂ ವ್ಯಾಕ್ಯೂಮ್ ಪಂಪಿನಿಂದ ಎಳೆದು, ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ತೂಗಿ ತುಂಬಬೇಕು. ಮೆಕ್ಯಾನಿಕ್ ತಕ್ಕಡಿ ತಂದಿದ್ದಾನೋ ಇಲ್ಲವೋ ನೋಡಿ. ಬೀಡಿ ಹಚ್ಚಿಕೊಂಡು ಕೆಲಸಕ್ಕೆ ಕೂತರೆ ಎಬ್ಬಿಸಿ ಕಳಿಸಿ.

3. ನಮ್ಮ ಧೂಳು ಬೇರೆ ಊರಿನ ಧೂಳಲ್ಲ

ಕಂಪನಿಯ ಪುಸ್ತಕದಲ್ಲಿ ಬರೆದ ಸರ್ವಿಸ್ ಲೆಕ್ಕ ನಮ್ಮ ಸೀಮೆಗೆ ಸಾಲದು. ಇಲ್ಲಿ ಎರೆಮಣ್ಣಿನ ಧೂಳು, ಹತ್ತಿ ಬಿಡಿಸುವ ಕಾಲಕ್ಕೆ ಅರಳೆಯ ಎಳೆ, ತೊಗರಿ ರಾಶಿಯ ಹೊಟ್ಟು, ಕಾಲುವೆ ಬಂದ ಮೇಲೆ ಭತ್ತದ್ದೂ ಸೇರಿತು. ಜಿನ್ನಿಂಗ್ ಮಿಲ್ ಹತ್ತಿರದ ಮನೆಗಳಲ್ಲಿ ಹೊರಗಿನ ಯೂನಿಟ್ ಹಿಂಭಾಗ ನೋಡಿದರೆ ಕಂಬಳಿ ಹೊದಿಸಿದ ಹಾಗೆ ಅರಳೆ ಕೂತಿರುತ್ತದೆ. ಒಳಗಿನ ಶಾಖ ಹೊರಗೆ ಹೋಗಲು ದಾರಿಯೇ ಇಲ್ಲದಾಗ ಕಂಪ್ರೆಸರ್ ಕಾದು ತಾನೇ ಬಂದ್ ಆಗುತ್ತದೆ.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಮೇನ್ ತೆಗೆದು, ಒಣ ಅರಳೆಯನ್ನು ಮೊದಲು ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಎಳೆದು ತೆಗೆಯಬೇಕು. ನೇರ ನೀರು ಬಿಟ್ಟರೆ ಅರಳೆ ನೆನೆದು ಒಳಗೇ ಗಟ್ಟಿಯಾಗುತ್ತದೆ. ಆಮೇಲೆ ಯೂನಿಟ್ ಒಳಗಡೆಯಿಂದ ಹೊರಕ್ಕೆ ಸಣ್ಣ ಧಾರೆಯಲ್ಲಿ ನೀರು ಹೊಡೆಯಬೇಕು. ಗಾಡಿ ತೊಳೆಯುವ ಪ್ರೆಷರ್ ಪಂಪ್ ಹಚ್ಚಿದರೆ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಗಳು ಮಡಚಿಕೊಂಡು ಇದ್ದ ಗಾಳಿಯೂ ನಿಲ್ಲುತ್ತದೆ. ಒಳಗಿನ ಫಿಲ್ಟರನ್ನು ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮನೆಯವರೇ ತೊಳೆಯಬಹುದು, ಅದಕ್ಕೆ ನನ್ನನ್ನು ಕರೆಯಬೇಡಿ.

4. ಡಿಮ್ ಕರೆಂಟು

ಸಂಜೆ ಏಳಕ್ಕೆ ಓಣಿಯ ಎಲ್ಲ ಎಸಿ, ಕೂಲರ್ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ. ಇನ್ವರ್ಟರ್ ಅಲ್ಲದ ಎಸಿಯ ಕಂಪ್ರೆಸರ್ "ಗುಂಯ್" ಎಂದು ಏಳಲು ನೋಡಿ, "ಟಕ್" ಎಂದು ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಮತ್ತದೇ. ಹಗಲು ಹೋಗಿ ನೋಡಿದರೆ ಎಲ್ಲ ಸರಿ ಇರುತ್ತದೆ. ಹಾಗಾಗಿ ರಾತ್ರಿಯ ದೂರನ್ನು ರಾತ್ರಿಯೇ ನೋಡಬೇಕು, ಎಸಿ ಓಡುತ್ತಿರುವಾಗಲೇ ಅದರ ಸಾಕೆಟ್‌ನಲ್ಲಿ ಮೀಟರ್ ಹಚ್ಚಬೇಕು. ಬೋರ್ಡಿನಲ್ಲಿ 220 ಇದ್ದು ಸಾಕೆಟ್‌ನಲ್ಲಿ 190 ಬಂದರೆ ತಪ್ಪು ಕಂಬದ್ದಲ್ಲ, ಮನೆಯ ಸಣ್ಣ ವೈರಿಂದು.

ಇದೇ "ಗುಂಯ್-ಟಕ್" ಕೆಪಾಸಿಟರ್ ಸತ್ತಾಗಲೂ ಬರುತ್ತದೆ. ಅದರ ತಲೆ ಉಬ್ಬಿದ್ದರೆ ಮೀಟರೂ ಬೇಕಿಲ್ಲ. ಕೆಲವು ನೂರು ರೂಪಾಯಿಯ ಈ ಡಬ್ಬಿಗಾಗಿ ಕಂಪ್ರೆಸರನ್ನೇ ಬದಲಿಸಿಕೊಂಡವರಿದ್ದಾರೆ. ಮೇನ್ ತೆಗೆದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ. ಮನೆಯವರು ಕೈ ಹಾಕಬಾರದು.

5. ಕೂಲರ್‌ಗೆ ಕಿಟಕಿ ತೆರೆದಿರಲಿ

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿ ಒಣದು. 42 ಡಿಗ್ರಿಯ ಒಣ ಗಾಳಿ ಒಳ್ಳೆಯ ಪ್ಯಾಡ್ ಹಾಯ್ದು ಬಂದರೆ 27, 28ಕ್ಕೆ ಇಳಿಯಬಲ್ಲದು, ಅದೂ ಎಸಿ ಉಣ್ಣುವ ಕರೆಂಟಿನ ಒಂದು ಸಣ್ಣ ಪಾಲಿನಲ್ಲಿ. ಆದರೆ ಎಸಿಯ ಅಭ್ಯಾಸವಾದವರು ಕೂಲರ್ ಕೋಣೆಯ ಬಾಗಿಲು ಕಿಟಕಿಯನ್ನೂ ಭದ್ರ ಮಾಡಿ ಮಲಗುತ್ತಾರೆ. ಹಸಿ ಗಾಳಿ ಹೊರಗೆ ಹೋಗದಿದ್ದರೆ ನೀರು ಆವಿಯಾಗುವುದಿಲ್ಲ, ಮೈ ಜಿಗಿಜಿಗಿ ಅನ್ನುತ್ತದೆ, ಬೈಗುಳ ಕೂಲರ್‌ಗೆ. ಮಳೆ ಹಿಡಿದ ಮೇಲೆ ಮಾತ್ರ ಅದರಿಂದ ಏನೂ ಆಸೆ ಪಡಬೇಡಿ. ಕಾಲುವೆ ಕೆಳಗಿನ ಭತ್ತದ ಗದ್ದೆಗಳ ನಡುವಿನ ಮನೆಗಳಲ್ಲೂ ಅದು ಅಷ್ಟಕ್ಕಷ್ಟೆ.

ಬೋರಿನ ಗಡಸು ನೀರು ಪ್ಯಾಡಿಗೆ ಬಿಳಿ ಸುಣ್ಣ ಕಟ್ಟಿಸುತ್ತದೆ. ನೀರು ಮೇಲೆ ಮೇಲೆ ತುಂಬುವುದು ಬಿಟ್ಟು, ತಳದ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ. ಸೊಳ್ಳೆಯೂ ಕಡಿಮೆ.

ಇನ್ನೊಂದು ಮಾತು, ಇದರಲ್ಲಿ ನಾನು ರಾಜಿಯಾಗುವುದಿಲ್ಲ. ತಗಡಿನ ಕೂಲರ್‌ಗೆ ಎರಡು ಪಿನ್ನಿನ ಪ್ಲಗ್ ಕಂಡರೆ ಅದನ್ನು ಕತ್ತರಿಸಿ ಮೂರು ಪಿನ್ನಿನದು ಹಾಕಿಯೇ ಬೇರೆ ಕೆಲಸ. ನೀರು, ತಗಡು, ಬರಿಗಾಲು ಸೇರಿದರೆ ಜೀವ ಹೋಗುತ್ತದೆ. ನೀರು ಹಾಕುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತಿಡಬೇಕು. ಸುರಪುರದ ಗುಡ್ಡದ ಓಣಿಗಳಲ್ಲಿ ಅರ್ಥಿಂಗ್ ಗುಂಡಿ ತೋಡಿದರೆ ಬಂಡೆ ಹತ್ತುತ್ತದೆ, ನಿಜ. ಹಾಗೆಂದು ಗುಂಡಿಯನ್ನೇ ಬಿಟ್ಟವರ ಮನೆಯಲ್ಲಿ ಮೂರನೇ ಪಿನ್ನು ಬರೀ ಶೋಕಿಗೆ.

6. ಛಾವಣಿ ಕಾದರೆ ಟನ್ ಸಾಲದು

ಕೆಳಗಿನ ಮನೆಯಲ್ಲಿ ಒಂದು ಟನ್ ಸಾಕಾದ ಅಳತೆಯದೇ ಕೋಣೆಗೆ ಮೇಲಿನ ಮನೆಯಲ್ಲಿ ಒಂದೂವರೆ ಟನ್ನೂ ಏದುಸಿರು ಬಿಡುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬ್ ನಡುರಾತ್ರಿಯವರೆಗೆ ಶಾಖ ಸುರಿಸುತ್ತದೆ. ಛಾವಣಿಗೆ ಸುಣ್ಣ ಹೊಡೆಸಿ, ಪಡುವಣ ಕಿಟಕಿಗೆ ಹೊರಗಿನಿಂದ ನೆರಳು ಮಾಡಿ, ಆಮೇಲೆ ದೊಡ್ಡ ಮಷಿನ್ ಮಾತಾಡಿ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ಸುರಪುರದ ಗುಡ್ಡದ ಮೇಲೆ ಮನೆ ಕಟ್ಟಿಸಿದಾಗ ಕರೆಂಟೇ ಇರಲಿಲ್ಲ. ಗಾಳಿ, ನೆರಳು ನೋಡಿ ಮನೆ ಕಟ್ಟುವುದೊಂದೇ ಆಗ ದಾರಿ.

7. ಮನೆಗೆ ಸೆಂಟ್ರಲ್ ಎಸಿ

ಹೈದರಾಬಾದಿನಲ್ಲಿ ನೋಡಿ ಬಂದವರು ಹೊಸ ಮನೆಗೆ ಡಕ್ಟ್ ಎಸಿ ಬೇಕು ಅನ್ನುತ್ತಾರೆ. ಕಲ್ಯಾಣ ಮಂಟಪಕ್ಕೆ ಅದು ಸರಿ. ಮನೆಗೆ ನಾನು ಬೇಡ ಅನ್ನುತ್ತೇನೆ: ಒಂದು ಮಷಿನ್ ಕೆಟ್ಟರೆ ಇಡೀ ಮನೆ ಬೇಯುತ್ತದೆ, ಸ್ಪೇರ್ ಬರುವವರೆಗೆ ಕಾಯಬೇಕು. ಹಾಕಿಸಲೇಬೇಕೆಂದರೆ ಪಿಒಪಿ ಸೀಲಿಂಗಿನಲ್ಲಿ ಆಳು ತೂರುವಷ್ಟು ಕಿಂಡಿ ಬಿಡಿಸಿ. ಕೋಣೆಯಿಂದ ಗಾಳಿ ವಾಪಸ್ ಹೋಗುವ ಜಾಲರಿಗೆ ಅಡ್ಡವಾಗಿ ಬೀರು ಇಡಬೇಡಿ. ಡಕ್ಟಿನ ಜೋಡಣೆಗಳಲ್ಲಿ ಗಾಳಿ ಸೋರುತ್ತಿದ್ದರೆ ನೀವು ತಂಪು ಮಾಡುತ್ತಿರುವುದು ಸೀಲಿಂಗಿನ ಇಲಿಗಳನ್ನು.

8. ಕರೆಯುವ ಕಾಲ

ಮೈಲಾಪುರದ ಮಲ್ಲಯ್ಯನ ಜಾತ್ರೆ ಸಂಕ್ರಾಂತಿಗೆ ಮುಗಿಯುತ್ತದೆ. ಅಲ್ಲಿಂದ ಶಿವರಾತ್ರಿ ತನಕ ನಮಗೆ ಪುರುಸೊತ್ತು, ನೆಲದ ಮೇಲೆ ಕೂತು ಚಹಾ ಕುಡಿದು ಸಾವಕಾಶ ಕೆಲಸ ಮಾಡುತ್ತೇವೆ. ಆಗ ಕರೆಯಿರಿ. ಯುಗಾದಿ ದಾಟಿದ ಮೇಲೆ ಫೋನ್ ಮಾಡಿ "ಈಗಿಂದೀಗ ಬರ್ರಿ" ಅಂದರೆ, ನಾನು ಶಹಾಪುರದಲ್ಲಿ ಯಾರದೋ ಮಾಳಿಗೆ ಮೇಲೆ ಇರುತ್ತೇನೆ.