ಕಂಪೈಲರಿನ ಅಂತರಂಗ: ಒಬ್ಬ ವೈಯಾಕರಣನ ದೃಷ್ಟಿಯಲ್ಲಿ

ಸೂತ್ರವು ಕಂಠಸ್ಥವಾದ ಮಾತ್ರಕ್ಕೆ ಶಾಸ್ತ್ರವು ಕೈವಶವಾಗುವುದಿಲ್ಲವೆಂಬುದು ಹಳೆಯ ಕ್ರಮದಲ್ಲಿ ವ್ಯಾಕರಣವನ್ನು ಓದಿದವರಿಗೆಲ್ಲ ವಿದಿತವೇ ಇದೆ. ವೃತ್ತಿಯನ್ನೂ ಪ್ರಯೋಗವನ್ನೂ ಅರಿತಾಗಲೇ ಸೂತ್ರವು ಬಾಯಿಬಿಟ್ಟು ಮಾತನಾಡುತ್ತದೆ. ಇಂದು ಶಾಲೆಗಳಲ್ಲಿ ಗಣಕಯಂತ್ರದ ಭಾಷೆಗಳನ್ನು ಕಲಿಯುವ ಮಕ್ಕಳ ವಿಷಯದಲ್ಲಿಯೂ ಈ ಮಾತು ಸತ್ಯ. ಪುಸ್ತಕದಲ್ಲಿನ ಹತ್ತು ಸಾಲುಗಳನ್ನು ಯಥಾವತ್ತಾಗಿ ಟೈಪು ಮಾಡಿ, ಪರದೆಯ ಮೇಲೆ ಉತ್ತರವು ಮೂಡಿದೊಡನೆ ಅವರು ತೃಪ್ತರಾಗುತ್ತಾರೆ. ಆ ಸಾಲುಗಳಿಗೂ ಈ ಉತ್ತರಕ್ಕೂ ನಡುವೆ ನಡೆದುದೇನು? ಸಿ ಭಾಷೆಯನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪದಚ್ಛೇದದಿಂದ ಸಂಧಿಯವರೆಗೆ

ಸಿ ಭಾಷೆಯನ್ನು 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿಯವರು ರೂಪಿಸಿದರು. ಅದನ್ನು ಯಂತ್ರಭಾಷೆಗೆ ಪರಿವರ್ತಿಸುವ ಸಾಧನವೇ ಕಂಪೈಲರು. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಹೊರತಂದ ಜಿಸಿಸಿ ಎಂಬ ಕಂಪೈಲರು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಹೊರಗೆ ಇದು ಒಂದೇ ಆಜ್ಞೆಯಂತೆ ಕಂಡರೂ ಒಳಗೆ ನಾಲ್ಕು ಕಾರ್ಯಗಳುಂಟು. ದಾಸೋಹದ ಮೇಲ್ವಿಚಾರಕರು ಒಬ್ಬೊಬ್ಬರಿಗೆ ಒಂದೊಂದು ಕೆಲಸವನ್ನು ಒಪ್ಪಿಸುವಂತೆ, ಜಿಸಿಸಿಯು ಇವನ್ನು ಬೇರೆ ಬೇರೆ ಸಾಧನಗಳಿಂದ ಕ್ರಮವಾಗಿ ಮಾಡಿಸುತ್ತದೆ.

ಮೊದಲನೆಯದು ಪೂರ್ವಸಂಸ್ಕಾರ. ಬೇಕಾದ ಘೋಷಣಾಪತ್ರಗಳನ್ನು ತಂದು ಮೂಲಪಾಠದೊಳಗೆ ಸೇರಿಸುವುದು ಇಲ್ಲಿಯ ಕೆಲಸ. ಎರಡನೆಯದು ಪರಿವರ್ತನೆ, ಇದೇ ಮುಖ್ಯವಾದುದು. ಇದು ಅಕ್ಷರಗಳ ಸಾಲನ್ನು ಮೊದಲು ಪದಗಳಾಗಿ ಒಡೆಯುತ್ತದೆ. ನಾವು ಪದಚ್ಛೇದವೆನ್ನುವುದು ಇದನ್ನೇ. ಬಳಿಕ ಯಾವ ಪದವು ಯಾವುದನ್ನು ಅಪೇಕ್ಷಿಸುತ್ತದೆಂಬುದನ್ನು ನೋಡಿ ಅನ್ವಯ ಮಾಡುತ್ತದೆ. ಆಮೇಲೆ ಯೋಗ್ಯತೆಯ ಪರೀಕ್ಷೆ. ಬೆಂಕಿಯಿಂದ ನೆನೆಸೆಂಬ ವಾಕ್ಯದಲ್ಲಿ ವಿಭಕ್ತಿ, ಕ್ರಿಯಾಪದಗಳು ಸರಿಯಾಗಿದ್ದರೂ ಅರ್ಥವು ಕೂಡುವುದಿಲ್ಲ. ಅಂತೆಯೇ ಅಕ್ಷರಮಾಲೆಯನ್ನು ಸಂಖ್ಯೆಯಿಂದ ಗುಣಿಸಹೊರಟರೆ ಕಂಪೈಲರು ಅಲ್ಲಿಯೇ ತಡೆಯುತ್ತದೆ. ಕೊನೆಯಲ್ಲಿ ಲಾಘವ: ಅದೇ ಫಲವನ್ನು ಕಡಿಮೆ ಶ್ರಮದಿಂದ ಕೊಡುವ ರೂಪವನ್ನು ಹುಡುಕುವುದು. ಅರ್ಧಮಾತ್ರೆಯ ಉಳಿತಾಯಕ್ಕೂ ಹಿಗ್ಗುವ ವೈಯಾಕರಣರಿಗೆ ಇದು ಹೊಸದೆನಿಸದು.

ಮೂರನೆಯ ಕಾರ್ಯದಲ್ಲಿ ಅಸೆಂಬ್ಲರು ಈ ರೂಪವನ್ನು ಯಂತ್ರಸಂಕೇತಗಳಾಗಿಸುತ್ತದೆ. ನಾಲ್ಕನೆಯದರಲ್ಲಿ ಲಿಂಕರು ಬೇರೆಬೇರೆಯಾಗಿ ಸಿದ್ಧವಾದ ಭಾಗಗಳನ್ನು ಜೋಡಿಸಿ, ಬಿಟ್ಟ ಸ್ಥಳಗಳಲ್ಲಿ ವಿಳಾಸಗಳನ್ನು ತುಂಬುತ್ತದೆ. ಇದನ್ನು ಸಂಧಿಕಾರ್ಯವೆಂದರೆ ತಪ್ಪಾಗಲಾರದು.

ಈ ಸಾದೃಶ್ಯವು ಕೇವಲ ನನ್ನ ಕಲ್ಪನೆಯಲ್ಲ. ಇಂತಹ ಭಾಷೆಗಳ ವಾಕ್ಯರಚನೆಯನ್ನು ನಿಯಮಗಳಲ್ಲಿ ಬರೆಯುವ ಕ್ರಮವೊಂದನ್ನು 1959ರಲ್ಲಿ ಜಾನ್ ಬ್ಯಾಕಸ್ಸರು ಮುಂದಿಟ್ಟರು. ಅದಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್‌ಮನ್ನರು ಸೂಚಿಸಿದರು. ಆದರೆ ಎಲ್ಲವೂ ನಮ್ಮಲ್ಲಿಯೇ ಇತ್ತೆಂದು ಬೀಗುವುದು ಸಲ್ಲದು. ನಿಯಮಬದ್ಧವಾಗಿ ಚಿಂತಿಸುವ ಅಭ್ಯಾಸವು ಎರಡೂ ಕಡೆ ಒಂದೇ ಎಂದರೆ ಸಾಕು.

ಭಾಷೆಯ ಧಾತುಪಾಠ

ಅಷ್ಟಾಧ್ಯಾಯಿಯ ಸೂತ್ರಗಳೊಡನೆ ಧಾತುಪಾಠವೂ ಇರುವಂತೆ, ಸಿ ಭಾಷೆಯೊಡನೆ ಪ್ರಮಾಣ ಲೈಬ್ರರಿ ಇದೆ. 1989ರ ಪ್ರಮಾಣಗ್ರಂಥದಂತೆ ಈ ಭಾಷೆಗೆ ಮೀಸಲಾದ ಶಬ್ದಗಳು 32. ಅವುಗಳಲ್ಲಿ ಪರದೆಯ ಮೇಲೆ ಬರೆ ಎಂದು ಹೇಳುವ ಶಬ್ದ ಒಂದೂ ಇಲ್ಲ! ಮಕ್ಕಳು ಮೊದಲ ದಿನವೇ ಕಲಿಯುವ ಪ್ರಿಂಟ್‌ಎಫ್ ಎಂಬುದು ಲೈಬ್ರರಿಯ ಸೊತ್ತು. ಅದು ಸಂಖ್ಯೆಗಳನ್ನು ಅಕ್ಷರಗಳಾಗಿಸಿ, ಸ್ಮೃತಿಯ ಒಂದು ತೊಟ್ಟಿಯಲ್ಲಿ ಕೂಡಿಸಿ, ಅನಂತರ ಯಂತ್ರದ ಆಡಳಿತವ್ಯವಸ್ಥೆಗೆ ಒಪ್ಪಿಸುತ್ತದೆ.

ಕಂಪೈಲರಿಗೂ ಲೈಬ್ರರಿಗೂ ಒಳಗೊಳಗೇ ಪರಿಚಯವುಂಟು. ಯಾವ ಸಂಖ್ಯೆಯೂ ಇಲ್ಲದ ಒಂದು ಸರಳ ಸಾಲನ್ನು ಪ್ರಿಂಟ್‌ಎಫ್‌ನಿಂದ ಬರೆಯಿಸಿದರೆ, ಜಿಸಿಸಿಯು ತಾನಾಗಿಯೇ ಆ ಸ್ಥಾನದಲ್ಲಿ ಪುಟ್ಸ್ ಎಂಬ ಹಗುರವಾದ ಕ್ರಿಯೆಯನ್ನು ಇರಿಸುವುದುಂಟು. ನಮ್ಮ ಪರಿಭಾಷೆಯಲ್ಲಿ ಇದು ಆದೇಶ. ವಿದ್ಯಾರ್ಥಿ ಬರೆದುದೊಂದು, ಯಂತ್ರವು ನಡೆಸಿದುದು ಮತ್ತೊಂದು. ಫಲ ಮಾತ್ರ ಒಂದೇ.

ಆದರೆ ಧಾತುವೇ ದುಷ್ಟವಾಗಿದ್ದರೆ? ಗೆಟ್ಸ್ ಎಂಬ ಲೈಬ್ರರಿಯ ಕ್ರಿಯೆಯು ಒಂದು ಸಾಲನ್ನು ಓದಿ ಪಾತ್ರೆಗೆ ಸುರಿಯುತ್ತಿತ್ತು. ಪಾತ್ರೆಯ ಅಳತೆಯನ್ನು ಕೇಳುತ್ತಲೇ ಇರಲಿಲ್ಲ. 1988ರ ನವೆಂಬರ್ 2ರಂದು ಅಮೆರಿಕದ ಜಾಲದಲ್ಲಿ ಹರಡಿದ ಒಂದು ಹುಳುಪ್ರೋಗ್ರಾಮು, ಈ ಗೆಟ್ಸ್ ಮೂಲಕ 512 ಬೈಟುಗಳ ಪಾತ್ರೆಯನ್ನು ಉಕ್ಕಿಸಿ ಸಾವಿರಾರು ಯಂತ್ರಗಳೊಳಗೆ ನುಗ್ಗಲು ಹವಣಿಸಿತು. ದೋಷವು ಹೀಗೆ ಬಯಲಾದರೂ ಗೆಟ್ಸ್ 1989ರ ಪ್ರಮಾಣದಲ್ಲಿ ಉಳಿಯಿತು. ಅದನ್ನು ನಂಬಿದ ಹಳೆಯ ಪ್ರೋಗ್ರಾಮುಗಳು ಅಷ್ಟಿದ್ದವು. ಪ್ರಮಾಣದಿಂದ ಅದು ಹೊರಬಿದ್ದುದು 2011ರಲ್ಲಿ. ಪರಂಪರೆಯಿಂದ ಬಂದುದೆಲ್ಲ ಶುದ್ಧವಲ್ಲ, ಬಳಕೆಯಲ್ಲಿರುವುದೆಲ್ಲ ಸಾಧುವಲ್ಲ.

ಗುರುಪರಂಪರೆಯ ಪರೀಕ್ಷೆ

ಇನ್ನೊಂದು ಸೂಕ್ಷ್ಮವಿದೆ. ಸಿ ಭಾಷೆಯ ಕಂಪೈಲರನ್ನು ಬಹುಕಾಲ ಸಿ ಭಾಷೆಯಲ್ಲಿಯೇ ಬರೆಯುತ್ತ ಬಂದರು. ಹಾಗಾದರೆ ಅದನ್ನು ಪರಿವರ್ತಿಸಿದುದು ಯಾವುದು? ಅದಕ್ಕಿಂತ ಹಿಂದಿನ ಕಂಪೈಲರು. ಶಿಷ್ಯನಿಗೆ ಗುರು, ಆ ಗುರುವಿಗೆ ಮತ್ತೊಬ್ಬ ಗುರು ಇದ್ದಂತೆ ಇದು ಸಾಗುತ್ತದೆ.

ಯುನಿಕ್ಸ್ ನಿರ್ಮಾಪಕರಲ್ಲೊಬ್ಬರಾದ ಕೆನ್ ಥಾಂಪ್ಸನ್ನರು, ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದು ಮಾಡಿದ ಉಪನ್ಯಾಸವೊಂದು 1984ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಒಂದು ಭೀಕರ ಸಾಧ್ಯತೆಯನ್ನು ತೋರಿಸಿದರು. ಒಂದು ಕಂಪೈಲರಿಗೆ ಎರಡು ಗುಪ್ತವಿದ್ಯೆಗಳನ್ನು ಕಲಿಸಬಹುದು. ಪ್ರವೇಶದ ಗುಟ್ಟುಪದವನ್ನು ಪರೀಕ್ಷಿಸುವ ಪ್ರೋಗ್ರಾಮನ್ನು ಪರಿವರ್ತಿಸುವಾಗ ಅದರಲ್ಲೊಂದು ಕಳ್ಳಬಾಗಿಲನ್ನಿಡುವುದು ಮೊದಲನೆಯದು. ಮುಂದಿನ ಕಂಪೈಲರನ್ನು ಪರಿವರ್ತಿಸುವಾಗ ಈ ಎರಡು ವಿದ್ಯೆಗಳನ್ನೂ ಅದಕ್ಕೆ ದಾಟಿಸುವುದು ಎರಡನೆಯದು. ಬಳಿಕ ಮೂಲಪಾಠದಿಂದ ಆ ಸಾಲುಗಳನ್ನು ಅಳಿಸಿಬಿಟ್ಟರೆ, ಪಾಠವು ನಿರ್ಮಲವಾಗಿಯೇ ಕಾಣುತ್ತದೆ. ದೋಷವು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತದೆ. ಕಣ್ಣೆದುರಿನ ಪಾಠವನ್ನು ಎಷ್ಟು ಓದಿದರೂ ಇದು ಸಿಕ್ಕುವುದಿಲ್ಲ.

ಇದಕ್ಕೆ ಡೇವಿಡ್ ವೀಲರ್ ಎಂಬವರು 2005ರಲ್ಲಿ ಒಂದು ಪರಿಹಾರವನ್ನು ವಿವರಿಸಿದರು. ಸಂಶಯಿತ ಕಂಪೈಲರಿನ ಮೂಲಪಾಠವನ್ನು ಬೇರೊಂದು ವಂಶದ ಕಂಪೈಲರಿನಿಂದ ಪರಿವರ್ತಿಸಬೇಕು; ಹಾಗೆ ದೊರೆತುದರಿಂದ ಅದೇ ಪಾಠವನ್ನು ಮತ್ತೊಮ್ಮೆ ಪರಿವರ್ತಿಸಿ, ಫಲವನ್ನು ಸಂಶಯಿತವಾದುದರೊಡನೆ ಬಿಟ್ಟುಬಿಡದೆ ಹೋಲಿಸಬೇಕು. ಎರಡೂ ಒಂದೇ ಆದರೆ ಸಂಶಯವು ನೀಗುತ್ತದೆ. ಭಿನ್ನವಾದರೆ ಕಾರಣವನ್ನು ಶೋಧಿಸಬೇಕು. ಇದನ್ನು ಓದಿದಾಗ ನನಗೆ ಗ್ರಂಥಸಂಪಾದನೆಯ ನೆನಪಾಯಿತು. ಒಂದೇ ಓಲೆಗರಿಯನ್ನು ನೂರು ಸಲ ಓದಿದರೂ ಪ್ರಕ್ಷೇಪವು ತಿಳಿಯದೆ ಹೋಗಬಹುದು. ಬೇರೊಂದು ಪರಂಪರೆಯ ಪ್ರತಿಯನ್ನು ಪಕ್ಕದಲ್ಲಿಟ್ಟಾಗ ಪಾಠಾಂತರವು ಎದ್ದು ಕಾಣುತ್ತದೆ. ವಚನಗಳ ಓಲೆಗರಿಗಳನ್ನು ಹೋಲಿಸಿ ಓದಿದ ವಿದ್ವಾಂಸರಿಗೆ ಈ ಶ್ರಮ ಗೊತ್ತು.

ಉಪಸಂಹಾರ

ಶಾಲೆಗಳಿಗೆ ಯಂತ್ರಗಳನ್ನು ಕೊಡುವ ದಾನಿಗಳಿದ್ದಾರೆ. ಅವರ ಔದಾರ್ಯ ದೊಡ್ಡದು. ಆ ಯಂತ್ರಗಳನ್ನು ತೆರೆದು ತೋರಿಸುವ ಕಾಯಕವು ಉಪಾಧ್ಯಾಯರದು. ಜಿಸಿಸಿಗೆ ಬೆಲೆಯಿಲ್ಲ, ಅದರ ಮೂಲಪಾಠವೂ ಎಲ್ಲರಿಗೂ ತೆರೆದಿದೆ. ಮೇಲೆ ಹೇಳಿದ ಒಂದೊಂದು ಕಾರ್ಯವೂ ಮುಗಿದಲ್ಲಿ ನಿಲ್ಲೆಂದು ಆಜ್ಞಾಪಿಸಿದರೆ ಅದು ನಿಲ್ಲುತ್ತದೆ. ಐದು ಸಾಲಿನ ಪ್ರೋಗ್ರಾಮೊಂದನ್ನು ತೆಗೆದುಕೊಂಡು, ಪ್ರತಿ ಹಂತದಲ್ಲಿಯೂ ಅದು ಯಾವ ರೂಪವನ್ನು ತಾಳಿತೆಂಬುದನ್ನು ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ತೋರಿಸೋಣ. ಪ್ರಿಂಟ್‌ಎಫ್ ಎಂದು ಬರೆದ ಕಡೆ ಪುಟ್ಸ್ ಬಂದುದನ್ನು ಕಂಡ ಹುಡುಗನು ಏಕೆಂದು ಕೇಳದೆ ಇರಲಾರನು. ಆ ಏಕೆ ಎಂಬುದೇ ವಿದ್ಯೆಯ ಆರಂಭ. ಇತ್ಯಲಂ.