ಮುಂದಿನ ಗಾಲಿ ನೆಟ್ಟಗಿದ್ದರೆ ಟಾಯರ್ ಬಾಳಿಕೆ



ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಸಾಲ ಮಾಡಿ ಹಳೇ ಕಾರು ಕೊಂಡು ಬಾಡಿಗೆ ಓಡಿಸುವ ಕುಟುಂಬಗಳಿವೆ. ಎಷ್ಟೋ ಕಡೆ ಸಾಲ ತಾಯಂದಿರ ಹೆಸರಿನಲ್ಲಿ, ಗಾಡಿ ಮಗನ ಕೈಯಲ್ಲಿ. ಟಾಯರ್ ಬೇಗ ಸವೆದರೆ ಆ ತಿಂಗಳ ಕಂತು ಟಾಯರಿಗೇ ಹೋಗುತ್ತದೆ. ಆದ್ದರಿಂದ ಈ ಪಾಠವನ್ನು ತಾಯಿ-ಮಗ ಇಬ್ಬರೂ ಕೂಡಿ ಓದಬೇಕೆಂದು ನಾವು ಬಯಸುತ್ತೇವೆ.

ಏಕೆ ನೋಡಬೇಕು?

ತಗ್ಗು-ದಿನ್ನಿಯಲ್ಲಿ ಬಡಿದು ಮುಂದಿನ ಗಾಲಿಗಳ ದಿಕ್ಕು ತಪ್ಪುತ್ತದೆ. ಗಾಲಿಗಳ ಮುಂಭಾಗ ಅತಿಯಾಗಿ ಒಳಕ್ಕೆ ವಾಲಿದರೆ ಟಾಯರಿನ ಹೊರ ಅಂಚು ಸವೆಯುತ್ತದೆ. ಹೊರಕ್ಕೆ ವಾಲಿದರೆ ಒಳ ಅಂಚು. ಮಾರುತಿ 800ರ ಟಾಯರ್ ಸುಮಾರು 50 ಸೆಂ.ಮೀ. ಎತ್ತರ. ಎರಡೂ ಗಾಲಿ ಸೇರಿ 5 ಮಿ.ಮೀ. ತಪ್ಪಿದ್ದರೆ ಪ್ರತಿ ಗಾಲಿ ಒಂದು ಕಿ.ಮೀ.ಗೆ 5 ಮೀಟರ್ ಅಡ್ಡಕ್ಕೆ ತಿಕ್ಕಿದಂತೆ. ವಿಜಯಪುರದಿಂದ ತಿಕೋಟಾಕ್ಕೆ ಸುಮಾರು 20 ಕಿ.ಮೀ. ಅಂದರೆ ನೂರು ಮೀಟರ್! ಟಾಯರ್ ಉಳಿದೀತೇ?

ಅಳೆಯುವ ಕ್ರಮ

1. ಗಾಡಿಯನ್ನು ಸಪಾಟ ನೆಲದ ಮೇಲೆ ನಿಲ್ಲಿಸಿರಿ. ಟಾಯರಿನ ಗಾಳಿ ಸರಿ ಇರಲಿ. ಗಾಲಿ ಹಿಡಿದು ಅಲುಗಾಡಿಸಿ ನೋಡಿರಿ. ಸಡಿಲವಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿರಿ.

2. ಸ್ಟೇರಿಂಗ್ ನೇರ ಇಟ್ಟು, ಗಾಡಿಯನ್ನು ಸ್ವಲ್ಪ ಮುಂದಕ್ಕೆ ನೂಕಿ ನಿಲ್ಲಿಸಿರಿ.

3. ಎರಡೂ ಟಾಯರುಗಳ ಮುಂಭಾಗದಲ್ಲಿ, ಗಾಲಿಯ ನಡುಮಟ್ಟದ ಎತ್ತರಕ್ಕೆ, ಚಾಕ್‌ಪೀಸಿನಿಂದ ಗುರುತು ಮಾಡಿರಿ. ಇಬ್ಬರು ಟೇಪ್ ಹಿಡಿದು ಅಂತರ ಅಳೆದು ಬರೆದಿಡಿರಿ.

4. ಗುರುತು ಹಿಂದೆ ಅದೇ ಎತ್ತರಕ್ಕೆ ಬರುವವರೆಗೆ ಗಾಡಿಯನ್ನು ಮುಂದಕ್ಕೆ ನೂಕಿರಿ. ಮತ್ತೆ ಅಳೆಯಿರಿ. ಅದೇ ಗುರುತನ್ನು ಎರಡು ಸಲ ಅಳೆಯುವುದರಿಂದ ಟಾಯರಿನ ಸೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ಟೇಪಿಗೆ ಏನಾದರೂ ಅಡ್ಡ ಬಂದರೆ ಎರಡೂ ಸಲ ಸ್ವಲ್ಪ ಕೆಳಗೆ, ಒಂದೇ ಎತ್ತರದಲ್ಲಿ ಅಳೆಯಿರಿ.

ಹಿಂದೆ 1216, ಮುಂದೆ 1214 ಮಿ.ಮೀ. ಬಂದರೆ ಗಾಲಿ 2 ಮಿ.ಮೀ. ಒಳಕ್ಕೆ ಇವೆ ಎಂದರ್ಥ. ಎಷ್ಟಿರಬೇಕು ಎಂಬುದನ್ನು ನಿಮ್ಮ ಗಾಡಿಯ ಕಂಪನಿ ಪುಸ್ತಕದಲ್ಲಿ ನೋಡಿರಿ.

ಸರಿಪಡಿಸುವುದು

ಟೈ ರಾಡಿನ ಚೆಕ್‌ನಟ್ ಸಡಿಲಿಸಿ, ಮೊದಲಿದ್ದ ಜಾಗಕ್ಕೆ ಗುರುತು ಹಾಕಿರಿ. ರಾಡ್ ಗಾಲಿಯ ನಡುವಿಗಿಂತ ಹಿಂದಿದ್ದರೆ, ಅದನ್ನು ಉದ್ದ ಮಾಡಿದಾಗ ಗಾಲಿಯ ಮುಂಭಾಗ ಒಳಕ್ಕೆ ಬರುತ್ತದೆ. ಮುಂದಿದ್ದರೆ ಹೊರಕ್ಕೆ ಹೋಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಎರಡೂ ಬದಿ ಸಮ ತಿರುಗಿಸಿರಿ, ಇಲ್ಲವಾದರೆ ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ. ಗಾಡಿ ನೂಕಿ ಮತ್ತೆ ಅಳೆಯಿರಿ. ಸರಿ ಬಂದ ಮೇಲೆ ಚೆಕ್‌ನಟ್ ಗಟ್ಟಿ ಬಿಗಿಯಿರಿ. ಇದನ್ನು ಮರೆತರೆ ಜೀವಕ್ಕೇ ಅಪಾಯ.

ಎಚ್ಚರಿಕೆ

ಬರೀ ಜಾಕಿನ ಮೇಲಿರುವ ಗಾಡಿಯ ಕೆಳಗೆ ಯಾರೂ ಹೋಗಬಾರದು. ಗಟ್ಟಿ ಸ್ಟ್ಯಾಂಡ್ ಕೊಡಿರಿ, ಹಿಂದಿನ ಗಾಲಿಗೆ ಕಲ್ಲು ಇಡಿರಿ, ಮಕ್ಕಳನ್ನು ದೂರ ಇಡಿರಿ. ಗಾಲಿ ಮೇಲೆ-ಕೆಳಗೆ ವಾಲಿರುವುದು ಟೇಪಿನಿಂದ ತಿಳಿಯದು. ಗಾಡಿ ಒಂದು ಬದಿಗೆ ಎಳೆಯುತ್ತಲೇ ಇದ್ದರೆ ಅಲೈನ್‌ಮೆಂಟ್ ಅಂಗಡಿಯಲ್ಲಿ ತೋರಿಸಿರಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಗಾಡಿಯ ಟಾಯರ್ ಯಾವ ಅಂಚಿನಲ್ಲಿ ಸವೆದಿದೆ?
2. ಟಾಯರ್, ರಿಪೇರಿ ಖರ್ಚನ್ನು ವಹಿಯಲ್ಲಿ ಬರೆದಿಡುತ್ತೇವೆಯೇ?
3. ಸಾಲ ತೀರಿಸುವ ತಾಯಿಗೆ ಗಾಡಿಯ ಲೆಕ್ಕ ಗೊತ್ತಿದೆಯೇ?