ಯಂತ್ರದೋಣಿಯ ಬ್ಯಾಟರಿ: ವಾರಕ್ಕೆ ಕಾಲು ಗಂಟೆಯ ಕೆಲಸ



ಶರಾವತಿ, ಅಘನಾಶಿನಿ ನದಿಗಳು ಕಡಲು ಸೇರುವೆಡೆ ಗೊಬ್ಬರ, ತೆಂಗಿನಕಾಯಿಗಳನ್ನು ದೋಣಿಯಲ್ಲಿ ದಾಟಿಸುವವರು ನಿಮ್ಮಲ್ಲಿದ್ದೀರಿ. ಕಳೆದ ಮಳೆಗಾಲದಲ್ಲಿ ನಾನು ಕುಳಿತಿದ್ದ ದೋಣಿಯ ಯಂತ್ರ ನಡುನೀರಿನಲ್ಲಿ ನಿಂತಿತು, ಮತ್ತೆ ಹೊರಡಲಿಲ್ಲ. ಇಳಿತದ ಸೆಳೆತ ನಮ್ಮನ್ನು ಕಡಲ ಕಡೆಗೆ ಎಳೆಯುತ್ತಿತ್ತು. ಹುಟ್ಟು ಇದ್ದುದರಿಂದ ದಡ ಸೇರಿದೆವು. ಕಾರಣವೇನು? ಬ್ಯಾಟರಿಯ ತುದಿಗೆ ಹಿಡಿದಿದ್ದ ಕಿಲುಬು, ಅಷ್ಟೆ. ಉಪ್ಪುಗಾಳಿಯಲ್ಲಿ ಕಿಲುಬು ಬೇಗ ಹಿಡಿಯುತ್ತದೆ. ವಿದ್ಯುತ್ತಿನ ದಾರಿ ಕಟ್ಟುತ್ತದೆ.

ವಾರಕ್ಕೊಮ್ಮೆ ಯಂತ್ರ ನಿಲ್ಲಿಸಿ ಹೀಗೆ ಮಾಡಿರಿ:

1. ಮೊದಲು ಋಣ ತುದಿಯ ತಂತಿ, ಅನಂತರ ಧನ ತುದಿಯದು ಬಿಚ್ಚಿರಿ. ಅಡಿಗೆ ಸೋಡಾ ಕದಡಿದ ನೀರಿನಿಂದ ತುದಿಗಳನ್ನು ಉಜ್ಜಿ, ಒರೆಸಿ ಒಣಗಿಸಿರಿ. ಸೋಡಾನೀರು ಒಳಗೆ ಇಳಿಯಬಾರದು.

2. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಒಳಗಿನ ಫಲಕಗಳು ಮುಳುಗಿವೆಯೇ ನೋಡಿರಿ. ಕಡಿಮೆಯಿದ್ದರೆ ಬಟ್ಟಿ ಇಳಿಸಿದ ನೀರನ್ನೇ ಹಾಕಿರಿ. ಬಾವಿ ನೀರು ಸಲ್ಲದು. ಒಳಗಿರುವುದು ಆಮ್ಲ; ಮೈಗೆ ತಾಗಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಿರಿ.

3. ಮೊದಲು ಧನ, ಕೊನೆಗೆ ಋಣ ತಂತಿ ಬಿಗಿದು, ಮೇಲೆ ವ್ಯಾಸಲೀನ್ ಸವರಿರಿ.

4. ಕೆಲವು ತಾಸು ಸುಮ್ಮನಿದ್ದ 12 ವೋಲ್ಟಿನ ಬ್ಯಾಟರಿ ಮೀಟರಿನಲ್ಲಿ 12.6ರಷ್ಟು ತೋರಿದರೆ ತುಂಬಿದೆ, 12.2 ತೋರಿದರೆ ಸುಮಾರು ಅರ್ಧ ಬರಿದು, ಚಾರ್ಜು ಮಾಡಿಸಿರಿ.

ಚಾರ್ಜಿನ ವೇಳೆ ಹೊರಡುವ ಜಲಜನಕ ಅನಿಲ ಕಿಡಿ ತಗುಲಿದರೆ ಸಿಡಿಯುತ್ತದೆ. ಹತ್ತಿರ ಬೀಡಿ ಸೇದಬೇಡಿರಿ. ಫ್ಯೂಸು ಸುಟ್ಟರೆ ಅದೇ ಅಳತೆಯದನ್ನೇ ಹಾಕಿರಿ. ಬರಿ ತಂತಿ ಸುತ್ತಿದರೆ ದೋಣಿಗೇ ಬೆಂಕಿ.

ಇಷ್ಟೆಲ್ಲ ಮಾಡಿದರೂ ಹುಟ್ಟನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೊರಡಬೇಡಿರಿ.